ಆಯಿಯ ಜಗಲಿ ಮೇಲಿನ ಕಂಚಿನ ಬಿಲ್ಲೆ ಮತ್ತು 114ರ ಪಲ್ಟಣ

ನಮ್ಮ ಮನೆಯ ದೇವರ ಜಗಲಿಯ ಮೇಲೆ ಒಂದು ಕಂಚಿನ ಬಿಲ್ಲೆ ಇದೆ. ಅಂಗೈಗಿಂತ ಸ್ವಲ್ಪ ದೊಡ್ಡದು, ಚಿಕ್ಕ ತಟ್ಟೆಯಷ್ಟು. ಅದರ ಮೇಲೆ ಒಬ್ಬಳು ಹೆಣ್ಣುಮಗಳು ನಿಂತಿದ್ದಾಳೆ, ಕೈಯಲ್ಲಿ ತ್ರಿಶೂಲ, ಮುಂದೆ ಸಿಂಹ. ಇಷ್ಟು ನೋಡಿದರೆ ಯಾರಿಗಾದರೂ ಏನನ್ನಿಸುತ್ತದೆ? ನಮ್ಮ ಆಯಿಗೂ ಹಾಗೇ ಅನ್ನಿಸಿತ್ತು. ಆಕೆ ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅದು ಅಂಬಾಬಾಯಿ. ದಿನಾ ಅರಿಶಿನ, ಕುಂಕುಮ, ನವರಾತ್ರಿಯಲ್ಲಿ ಚೆಂಡುಹೂವಿನ ಮಾಲೆ. ನಾನು ಸಣ್ಣವನಿದ್ದಾಗ ಅದನ್ನು ಎತ್ತಿಕೊಂಡು ಆಡಲು ಹೋಗಿ ಪೆಟ್ಟು ತಿಂದಿದ್ದೇನೆ. "ತಾಯಿ ಅಕಿ, ಮುಟ್ಟಬ್ಯಾಡ."

ಆ ತಾಯಿ ಬ್ರಿಟಾನಿಯಾ, ಅಂದರೆ ಬ್ರಿಟನ್ ದೇಶವನ್ನೇ ಹೆಣ್ಣಾಗಿ ತೋರಿಸುವ ರೂಪ, ಅಂತ ಗೊತ್ತಾಗಿದ್ದು ನಾನು ಕಾಲೇಜಿಗೆ ಹೋದ ಮೇಲೆ.

ನಮ್ಮದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕು, ಉಮದಿ ಕಡೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಇದು ಮಹಾರಾಷ್ಟ್ರದಲ್ಲಿದೆ, ಆದರೆ ನಮಗೆ ಸಾಂಗಲಿಗಿಂತ ವಿಜಯಪುರವೇ ಹತ್ತಿರ. ಮನೆಮಾತು ಕನ್ನಡ, ಶಾಲೆ ಕನ್ನಡ, ತಲಾಠಿ, ಅಂದರೆ ಊರ ಲೆಕ್ಕಿಗ, ಕೊಡುವ ಹೊಲದ ಉತಾರ ಮರಾಠಿ. ಮಳೆ ಮಾತ್ರ ಯಾವ ಭಾಷೆಯಲ್ಲೂ ಬರುವುದಿಲ್ಲ. ಹಿಂದೆ ಜತ್ತ ಡಫಳೆ ಮನೆತನದ ಒಂದು ಸಣ್ಣ ಸಂಸ್ಥಾನ. ಆಗಲೂ ಹೀಗೇ ಒಣ ನೆಲ, ಹೀಗೇ ಹೊಟ್ಟೆಪಾಡಿಗೆ ಊರು ಬಿಡುವ ಗಂಡಸರು. ಹಾಗೆ ಬಿಟ್ಟು ಹೋದವರಲ್ಲಿ ನಮ್ಮ ಮುತ್ಯಾನ, ಅಂದರೆ ಅಜ್ಜನ, ಕಾಕಾ ಒಬ್ಬ.

ಖಂಡೇನವಮಿಗೆ ಮನೆಯ ಹಿತ್ತಾಳೆ, ತಾಮ್ರ ಎಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಅಂಬಾಬಾಯಿಯನ್ನು ಮಾತ್ರ ಆಯಿ ಯಾರಿಗೂ ಕೊಡುತ್ತಿರಲಿಲ್ಲ, ಸುಮ್ನೆ ಒದ್ದೆ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದಳು. ಆ ವರ್ಷ ಆಕೆಗೆ ಜ್ವರ. ನಾನು ತಿಕ್ಕಿದೆ. ಕುಂಕುಮದ ಹೆಪ್ಪು ಬಿಟ್ಟಹಾಗೆ ಅಂಚಿನ ಸುತ್ತಲೂ ಇಂಗ್ಲಿಷ್ ಅಕ್ಷರಗಳು ಎದ್ದವು. ಸ್ವಾತಂತ್ರ್ಯ ಮತ್ತು ಗೌರವಕ್ಕಾಗಿ ಸತ್ತವನು ಅಂತ ಅದರ ಅರ್ಥ. ಸಿಂಹದ ತಲೆಯ ಮೇಲೆ ಒಂದು ಚೌಕಟ್ಟು, ಅದರೊಳಗೆ ನಮ್ಮ ಮನೆಯ ಹೆಸರು, ಇಂಗ್ಲಿಷರ ಕೈಯಲ್ಲಿ ಸಿಕ್ಕು ಸ್ವಲ್ಪ ಸೊಟ್ಟಗಾಗಿದ್ದರೂ ಓದಲು ಬರುವಂತಿತ್ತು. ಕೈಯಲ್ಲಿ ಹುಣಸೆ ರಸ ಸುರಿಯುತ್ತಿತ್ತು, ನಾನು ಹಾಗೇ ಕೂತೆ.

ಆಮೇಲೆ ಓದಿ ತಿಳಿದುಕೊಂಡೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ಸತ್ತವರ ಮನೆಗಳಿಗೆ ಇಂಥ ಬಿಲ್ಲೆ ಕಳಿಸಿತು. 13 ಲಕ್ಷಕ್ಕಿಂತ ಜಾಸ್ತಿ ಮಾಡಿಸಿದ್ದರು. ಅವರ ಊರಿನ ಜನ ಇದಕ್ಕೆ 'ಸತ್ತವನ ದುಡ್ಡು' ಅಂತ ಅಡ್ಡಹೆಸರು ಇಟ್ಟಿದ್ದರಂತೆ, ಅವರ ಒಂದು ಪೆನ್ನಿ ನಾಣ್ಯದ ಹಾಗೆ ಕಾಣುತ್ತಿತ್ತಲ್ಲ, ಅದಕ್ಕೆ. ಸುಮಾರು 12 ಸೆಂಟಿಮೀಟರ್ ಅಗಲ. ಇದರಲ್ಲಿ ಒಂದು ವಿಶೇಷ ಇದೆ. ಹೆಸರು ಮಾತ್ರ ಇರುತ್ತದೆ, ಹುದ್ದೆ ಇಲ್ಲ, ರೆಜಿಮೆಂಟ್ ಇಲ್ಲ. ಕರ್ನಲ್ ಆಗಲಿ ಸಿಪಾಯಿ ಆಗಲಿ ಸತ್ತ ಮೇಲೆ ಒಂದೇ, ತ್ಯಾಗದಲ್ಲಿ ಮೇಲುಕೀಳು ಬೇಡ ಅಂತ ಹಾಗೆ ಮಾಡಿದ್ದು. ಒಳ್ಳೆಯ ವಿಚಾರವೇ. ಆದರೆ ನೂರು ವರ್ಷ ಆದ ಮೇಲೆ ಮೊಮ್ಮಗನ ಮಗ ಹುಡುಕಲು ಹೊರಟರೆ ಅವನಿಗೆ ತುದಿಯೇ ಸಿಗುವುದಿಲ್ಲ. ಯಾವ ಪಲ್ಟಣ? ಎಲ್ಲಿ ಸತ್ತ? ಏನೂ ಇಲ್ಲ.

ಮನೆಯಲ್ಲಿ ಕೇಳಿದರೆ ಒಂದೇ ಮಾತು. "ಬಸ್ರಾಕ್ಕ ಹೋದಾಂವ, ಬರಲಿಲ್ಲ." ಬಸ್ರಾ ಅಂದರೆ ಇರಾಕಿನ ಬಂದರು.

ಪಲ್ಟಣ ಗೊತ್ತಾಗಲು ಒಂದು ಸುಲಭದ ದಾರಿ ಇತ್ತು. ಬಿಲ್ಲೆಯ ಜೊತೆಗೆ ಬೆಳ್ಳಿಯ ಪದಕವೂ ಬಂದಿರುತ್ತದೆ, ಅದರ ಅಂಚಿನಲ್ಲಿ ಸಿಪಾಯಿಯ ನಂಬರು, ಹುದ್ದೆ, ಹೆಸರು, ಪಲ್ಟಣ ಎಲ್ಲ ಸಣ್ಣಗೆ ಕೊರೆದಿರುತ್ತಾರೆ. ನಮ್ಮ ಮನೆಗೂ ಬಂದಿತ್ತು. 1972ರ ಬರಗಾಲದಲ್ಲಿ ಅದು ಹೋಯಿತು. ಆ ಬರದ ಬಗ್ಗೆ ನಮ್ಮ ಕಡೆ ಇನ್ನೂ ಮಾತಾಡುತ್ತಾರೆ, ಸರ್ಕಾರಿ ಕೆಲಸದ ಮೇಲೆ ಖಡಿ ಒಡೆದದ್ದು, ಅಮೆರಿಕದ ಮಿಲೋ ಜೋಳದ ಕೆಂಪು ರೊಟ್ಟಿ, ಸುಕಡಿ. ಆಗ ಮುತ್ಯಾ ಪದಕ ಒಯ್ದು ಸರಾಫನಿಗೆ ಕೊಟ್ಟ. ಒಂದಿಷ್ಟು ಬೆಳ್ಳಿಯಲ್ಲಿ ನಮ್ಮ ಅತ್ತೆಗೆ ಕಾಲುಂಗುರ ಮಾಡಿಸಿ, ಉಳಿದದ್ದಕ್ಕೆ ರೊಕ್ಕ ತಂದ. ಕಂಚಿಗೆ ಬೆಲೆ ಇರಲಿಲ್ಲ, ಮೇಲಾಗಿ ಅದು ದೇವರು. ಹಾಗಾಗಿ ಉಳಿಯಿತು. ಅತ್ತೆ ಈಗಲೂ ಆ ಕಾಲುಂಗುರ ಹಾಕುತ್ತಾಳೆ. ಅದರಲ್ಲಿ ಕರಗಿಹೋದ ನಂಬರು ಎಷ್ಟೋ ಏನೋ.

ಇನ್ನೊಂದು ಆಸೆ ಇತ್ತು. ಟ್ರಂಕಿನ ತಳದಲ್ಲಿ ಮೋಡಿ ಲಿಪಿಯ, ಅಂದರೆ ಹಿಂದೆ ಮರಾಠಿ ಬರೆಯುತ್ತಿದ್ದ ಲಿಪಿಯ, ಒಂದು ಕಾಗದ. ಅದು ಬಸ್ರಾದಿಂದ ಅವನು ಬರೆದ ಪತ್ರ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದರು. ಓದಲು ಮಾತ್ರ ಯಾರಿಗೂ ಬರುತ್ತಿರಲಿಲ್ಲ, ಅಪ್ಪನ ಕಾಲಕ್ಕೇ ಮೋಡಿ ಸತ್ತುಹೋಗಿತ್ತು. ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿಟ್ಟುಕೊಂಡು ಕೊಲ್ಹಾಪುರದಲ್ಲಿ ಮೋಡಿ ಓದುವ ಒಬ್ಬರು ಹಿರಿಯರ ಮನೆಗೆ ಹೋದೆ. ಅವರು ಕನ್ನಡಕ ಮೇಲೆ ಕೆಳಗೆ ಮಾಡಿ ಐದು ನಿಮಿಷ ನೋಡಿದರು, ನಾನು ಏನೇನೋ ಕಲ್ಪಿಸಿಕೊಂಡು ಕೂತಿದ್ದೆ, ತಾಯಿಗೆ ನಮಸ್ಕಾರ, ಇಲ್ಲಿ ಬಿಸಿಲು ಜಾಸ್ತಿ, ಎತ್ತು ಮಾರಬೇಡಿರಿ ಅಂತ ಏನಾದರೂ ಇರುತ್ತದೆ ಅಂದುಕೊಂಡು. ಅವರು ಹೇಳಿದ್ದು ಒಂದೇ ಶಬ್ದ. "ಗಹಾಣಖತ."

ಹೊಲ ಒತ್ತೆ ಇಟ್ಟ ಕಾಗದ! ನೂರು ವರ್ಷ ನಾವು ಒಂದು ಸಾಲದ ಪತ್ರವನ್ನು ಪ್ರೀತಿಯ ಪತ್ರ ಅಂತ ಕಾಪಾಡಿದ್ದೆವು. ನನಗೆ ನಗು ಬಂತು, ಅವರಿಗೂ ಬಂತು. ಆದರೆ ಕೆಳಗೆ ಇಳಿಯುತ್ತಾ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು. ಹೊಲದಲ್ಲಿ ಪಾಲು ಇದ್ದ ತಮ್ಮ ಯಾಕೆ ಸಹಿ ಹಾಕಿಲ್ಲ ಅನ್ನುವುದಕ್ಕೆ ಕಾರಣ ಬರೆದಿದ್ದರು. ಅವನು 114ರ ಪಲ್ಟಣದಲ್ಲಿ, ಲಾಮಾವರ ಮಯತ. ಲಾಮ ಅಂದರೆ ದಂಡು ಹೋದ ಜಾಗ, ಮಯತ ಅಂದರೆ ಸತ್ತ. ಸಾಹುಕಾರನ ಗುಮಾಸ್ತ ಬರೆದಿಟ್ಟ ಈ ಎರಡು ಶಬ್ದವೇ ನಮಗೆ ಸಿಕ್ಕ ಇತಿಹಾಸ.

114 ಅಂದರೆ 114ನೇ ಮರಾಠಾ ಪಲ್ಟಣ. ಆಗ ಮರಾಠಾ ಪಲ್ಟಣಗಳು ಆರು ಇದ್ದವು: 103, 105, 110, 114, 116, 117. ಇದರಲ್ಲಿ 110 ಇದ್ದ 18ನೇ ಬ್ರಿಗೇಡಿಗೆ ಬೆಳಗಾವಿ ಬ್ರಿಗೇಡ್ ಅಂತಲೇ ಹೆಸರು. ಅದು 1914ರ ನವೆಂಬರಿನಲ್ಲೇ ಇರಾಕಿಗೆ, ಆಗ ಮೆಸೊಪೊಟೇಮಿಯಾ ಅನ್ನುತ್ತಿದ್ದರು, ಹೋಗಿ ಇಳಿದಿತ್ತು. 103, 110, 117 ಮೂರೂ ಜನರಲ್ ಟೌನ್‌ಶೆಂಡ್ ಕೈಕೆಳಗೆ ಕುತ್ ಅನ್ನುವ ಊರಿನಲ್ಲಿ ಸಿಕ್ಕಿಹಾಕಿಕೊಂಡವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆ. ತಿನ್ನಲು ಕುದುರೆ ಮಾಂಸ, ಅದನ್ನು ನಮ್ಮ ಸಿಪಾಯಿಗಳು ತುಂಬಾ ದಿನ ಮುಟ್ಟಲಿಲ್ಲ, ಅದರಿಂದ ಇನ್ನೂ ಸೊರಗಿದರು. ಅವರನ್ನು ಬಿಡಿಸಲು ಹೋದ ದಂಡಿನಲ್ಲೇ ಸತ್ತವರು, ಗಾಯವಾದವರು ಸೇರಿ ಸುಮಾರು 23 ಸಾವಿರ. ಕೊನೆಗೆ ಶರಣಾದರು. ಸಿಪಾಯಿಗಳನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು, ದಾರಿಯಲ್ಲೇ ಸಾವಿರಗಟ್ಟಲೆ ಜನ ಬಿದ್ದರು. ಟೌನ್‌ಶೆಂಡ್ ಸಾಹೇಬರು ಮಾತ್ರ ಇಸ್ತಾಂಬುಲ್ ಹತ್ತಿರದ ಒಂದು ದ್ವೀಪದ ಬಂಗಲೆಯಲ್ಲಿ ಆರಾಮಾಗಿದ್ದರು, ಸೆರೆಯಲ್ಲಿ ಇದ್ದಾಗಲೇ ಸರ್ ಪದವಿಯೂ ಬಂತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮ 114 ಕುತ್‌ನಲ್ಲಿ ಇರಲಿಲ್ಲ. ಅದರ ಹೆಸರು ಬರುವುದು ಕಟ್ಟಕಡೆಗೆ, 1918ರ ಅಕ್ಟೋಬರಿನಲ್ಲಿ, ಶರ್ಕತ್ ಅನ್ನುವಲ್ಲಿ. ಟೈಗ್ರಿಸ್ ನದಿಯ ದಡ, ಮೋಸುಲ್‌ನಿಂದ ಕೆಳಗೆ ಸುಮಾರು 100 ಕಿಲೋಮೀಟರ್. ಅಕ್ಟೋಬರ್ 23ಕ್ಕೆ ಶುರುವಾಗಿ 30ಕ್ಕೆ ತುರ್ಕಿಯ ದಂಡು ಶರಣಾಯಿತು. ಅದೇ 30ನೇ ತಾರೀಖು ತುರ್ಕಿಯೊಂದಿಗೆ ಕದನವಿರಾಮದ ಸಹಿಯೂ ಆಯಿತು. ಅಂದರೆ ಅಲ್ಲಿ ಇಡೀ ಯುದ್ಧದ ಕೊನೆಯ ಲಡಾಯಿ ಅದು. 29ನೇ ತಾರೀಖು ಸತ್ತವನು ಇನ್ನೊಂದು ದಿನ ತಡೆದಿದ್ದರೆ ಊರಿಗೆ ಬರುತ್ತಿದ್ದ. ಆ ಒಂದು ಲಡಾಯಿಗೆ 114ಕ್ಕೆ 28 ಶೌರ್ಯ ಪದಕ ಸಿಕ್ಕವು. ನಮ್ಮವನು ಅಲ್ಲೇ ಸತ್ತ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಕಥೆ ಚೆಂದ ಆಗುತ್ತದೆ ಅಷ್ಟೇ.

ಆಮೇಲೆ 114ಕ್ಕೆ ಏನಾಯಿತು ಅನ್ನುವುದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. 1922ರಲ್ಲಿ ಸೈನ್ಯವನ್ನು ಹೊಸದಾಗಿ ಜೋಡಿಸಿದರು. ಆರೂ ಪಲ್ಟಣ ಸೇರಿ 5ನೇ ಮರಾಠಾ ಲೈಟ್ ಇನ್‌ಫಂಟ್ರಿ ಆಯಿತು. 103 ಒಂದನೇ ಬಟಾಲಿಯನ್, 105 ಎರಡನೆಯದು, ಹೀಗೆ ಐದು. ಮೊದಲಿನದನ್ನು ಜಂಗಿ ಪಲ್ಟಣ ಅಂತಾರೆ, ಎರಡನೆಯದನ್ನು ಕಾಳಿ ಪಾಂಚ್ವಿ. ಅವು ಆಮೇಲೂ ಯುದ್ಧಕ್ಕೆ ಹೋದವು, ಹೆಸರು ಮಾಡಿದವು. 114 ಮಾತ್ರ ಆರನೆಯದಾಗಲಿಲ್ಲ, ಸೀದಾ ಹತ್ತನೆಯದಾಯಿತು. ಹತ್ತನೆಯದು ಅಂದರೆ ತರಬೇತಿ ಬಟಾಲಿಯನ್. ಬೆಳಗಾವಿಯಲ್ಲಿ ಕೂತು ಹುಡುಗರನ್ನು ತಯಾರು ಮಾಡುವುದು, ಬೇರೆ ಐದೂ ಬಟಾಲಿಯನ್ನುಗಳಲ್ಲಿ ಜನ ಕಡಿಮೆಯಾದಹಾಗೆ ಕಳಿಸಿಕೊಡುವುದು. 28 ಪದಕ ತಂದ ಪಲ್ಟಣಕ್ಕೆ ಆಮೇಲೆ ಸಿಕ್ಕ ಕೆಲಸ ಇದು. ಎರಡನೇ ಮಹಾಯುದ್ಧದ ಹೊತ್ತಿಗೆ ಅದೇ ರೆಜಿಮೆಂಟಲ್ ಸೆಂಟರ್ ಆಯಿತು, ಈಗ ಬೆಳಗಾವಿಯ ಕ್ಯಾಂಪಿನಲ್ಲಿ ಇದೆಯಲ್ಲ, ಅದು.

ಒಂಥರಾ ತವರುಮನೆ ಇದ್ದಹಾಗೆ. ಹುಟ್ಟಿಸಿ, ಬೆಳೆಸಿ, ಬೇರೆ ಮನೆಗೆ ಕಳಿಸುವುದು. ಸತ್ತರೆ ಆ ಮನೆಯ ಲೆಕ್ಕದಲ್ಲಿ ಸಾಯುತ್ತಾರೆ. 1944ರಲ್ಲಿ ಇಟಲಿಯಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದು ಸತ್ತ ನಾಯಕ್ ಯಶವಂತ ಘಾಡಗೆ 3ನೇ ಬಟಾಲಿಯನ್ನಿನವರು. ಅವರ ಹೆಸರು ಸಿಗುವುದು 3ರ ಇತಿಹಾಸದಲ್ಲಿ. ಹತ್ತನೆಯದಕ್ಕೆ ತನ್ನ ಲಡಾಯಿ ಅನ್ನುವುದು ಇಲ್ಲವೇ ಇಲ್ಲ.

ಹೋದ ಸಲ ನಮ್ಮ ಊರ ಹುಡುಗನ ಕಸಂ ಪರೇಡ್, ಅಂದರೆ ತರಬೇತಿ ಮುಗಿಸಿ ಪ್ರಮಾಣ ಮಾಡುವ ಪರೇಡ್, ನೋಡಲು ಬೆಳಗಾವಿಗೆ ಹೋಗಿದ್ದೆ. ಪರೇಡ್ ಮುಗಿದ ಮೇಲೆ ಎಲ್ಲರೂ ಹುಡುಗನ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು, ನಾನು ಮಾತ್ರ ಒಬ್ಬ ಹವಾಲ್ದಾರರನ್ನು ಹಿಡಿದು 114ರ ಬಗ್ಗೆ ಕೇಳಿ ತಲೆ ತಿಂದೆ. ಅಲ್ಲಿನ ಯುದ್ಧ ಸ್ಮಾರಕಕ್ಕೆ ಶರ್ಕತ್ ಅಂತಲೇ ಹೆಸರು. ಅವರು ಹೇಳಿದರು, "ಶರ್ಕತ್ ಅಂದ್ರ ನಿಮ್ಮ 114ರೀ. ಇಲ್ಲಿ ದಿನಾ ಹೂವ ಇಡ್ತೀವಿ."

ಈಗ ಅಧಿಕಾರಿಗಳ ವಿಷಯ. ಆ ಕಾಲದ ಒಂದು ಹಿಂದುಸ್ತಾನಿ ಪಲ್ಟಣದಲ್ಲಿ ಸುಮಾರು 750 ಸಿಪಾಯಿ, ಬ್ರಿಟಿಷ್ ಅಧಿಕಾರಿಗಳು ಮಾತ್ರ ಹನ್ನೆರಡು ಹದಿಮೂರು ಜನ. ಸುಬೇದಾರ್, ಜಮಾದಾರ್ ನಮ್ಮವರೇ, ಆದರೆ ಎಷ್ಟು ವರ್ಷ ಸೇವೆ ಮಾಡಿದರೂ ನಿನ್ನೆ ಬಂದ ಬಿಳಿ ಹುಡುಗನಿಗಿಂತ ಕೆಳಗೆ. ಕೊಡಗಿನ ಕಾರ್ಯಪ್ಪನಂಥವರಿಗೆ ರಾಜನ ಕಮಿಷನ್, ಅಂದರೆ ಪೂರ್ತಿ ಅಧಿಕಾರಿಯ ಪದವಿ, ಸಿಕ್ಕಿದ್ದು ಯುದ್ಧ ಮುಗಿದ ಮೇಲೆ, 1919ರಲ್ಲಿ. ಹಾಗಾಗಿ ಮೊದಲ ಒಂದೆರಡು ಲಡಾಯಿಯಲ್ಲೇ ಆ ಹದಿಮೂರು ಜನ ಉರುಳಿದರೆ ಪಲ್ಟಣಕ್ಕೆ ತಲೆಯೇ ಇಲ್ಲ. ಬದಲಿಗೆ ಬಂದವರು ಮೀಸಲು ಅಧಿಕಾರಿಗಳು. ಯುದ್ಧ ಶುರುವಾದಾಗ ಈ ಮೀಸಲು ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು ಜನ. ಆಮೇಲೆ ಚಹಾ ತೋಟದವರು, ರೈಲ್ವೆಯವರು, ವ್ಯಾಪಾರದ ಕಂಪನಿಗಳಲ್ಲಿ ಕೆಲಸಕ್ಕಿದ್ದವರು ಎಲ್ಲ ಸೇರಿಕೊಂಡರು. ಪಲ್ಟಣದ ಭಾಷೆ ಬಾರದು, ಹುಡುಗರ ಹೆಸರು ಗೊತ್ತಿಲ್ಲ, ಹೋಗಿ ನಿಂತರು, ಸತ್ತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಪಟ್ಟಿ ನೋಡುತ್ತಾ ಹೋದರೆ ಎಷ್ಟೋ ಜನರ ವಯಸ್ಸು 20, 21, 22. ಕಾಗದದಲ್ಲಿ ಒಂದು ಪಲ್ಟಣಕ್ಕೆ ಸೇರಿದವನು, ಸತ್ತದ್ದು ಇನ್ನೊಂದು ಪಲ್ಟಣದಲ್ಲಿ. ಅವರದೂ ಅದೇ ತವರುಮನೆ ಕಥೆ.

ಆದರೆ ಒಂದು ವ್ಯತ್ಯಾಸ ಇದೆ. ಬಸ್ರಾದಲ್ಲಿ ಒಂದು ದೊಡ್ಡ ಸ್ಮಾರಕ ಇದೆ, ಸಮಾಧಿ ಎಲ್ಲಿ ಅಂತ ಗೊತ್ತಿಲ್ಲದ 40 ಸಾವಿರಕ್ಕಿಂತ ಜಾಸ್ತಿ ಜನರಿಗಾಗಿ ಕಟ್ಟಿದ್ದು. ಮೊದಲು ನದಿ ದಡದಲ್ಲಿ ಇತ್ತು, 1997ರಲ್ಲಿ ಸದ್ದಾಂ ಕಾಲದಲ್ಲಿ ಕಿತ್ತು ಮರುಭೂಮಿಯಲ್ಲಿ 32 ಕಿಲೋಮೀಟರ್ ಆಚೆ ಇಟ್ಟರು. ಅದರ ಕಲ್ಲಿನ ಮೇಲೆ ಬ್ರಿಟಿಷ್ ಅಧಿಕಾರಿಯ ಹೆಸರು ಇದೆ. ಬ್ರಿಟಿಷ್ ಸಿಪಾಯಿಯದೂ ಇದೆ. ನಮ್ಮ ಸುಬೇದಾರ್ ಜಮಾದಾರರದೂ ಇದೆ. ನಮ್ಮ ಹವಾಲ್ದಾರ್, ನಾಯಕ್, ಸಿಪಾಯಿಗಳದು ಮಾತ್ರ ಇಲ್ಲ. ಪಲ್ಟಣದ ಹೆಸರು, ಅದರ ಕೆಳಗೆ ಇಷ್ಟು ಜನ ಅಂತ ಒಂದು ಸಂಖ್ಯೆ, ಅಷ್ಟೇ. ಹೀಗೆ ಬರೀ ಲೆಕ್ಕವಾಗಿ ಹೋದವರು 30 ಸಾವಿರಕ್ಕಿಂತ ಜಾಸ್ತಿ. ಆ ಸ್ಮಾರಕಗಳನ್ನು ನೋಡಿಕೊಳ್ಳುವ ಆಯೋಗವೇ 2021ರಲ್ಲಿ ಒಂದು ವರದಿ ತಂದು, ನಾವು ಎಲ್ಲರನ್ನೂ ಒಂದೇ ರೀತಿ ನೆನೆಯಲಿಲ್ಲ, ತಪ್ಪಾಗಿದೆ ಅಂತ ಒಪ್ಪಿಕೊಂಡಿದೆ.

ಮನೆಯ ಕಂಚಿನಲ್ಲಿ ಹೆಸರಿದೆ, ಪಲ್ಟಣ ಇಲ್ಲ. ಅಲ್ಲಿನ ಕಲ್ಲಿನಲ್ಲಿ ಪಲ್ಟಣ ಇದೆ, ಹೆಸರಿಲ್ಲ. ಎರಡನ್ನೂ ಜೋಡಿಸಿದ್ದು ನಮ್ಮ ಊರಿನ ಸಾಹುಕಾರನ ಗಹಾಣಖತ!

ಈಗ ಆಯೋಗದ ಪಟ್ಟಿ ಅಂತರ್ಜಾಲದಲ್ಲಿದೆ, ಸಿಪಾಯಿಗಳ ಹೆಸರೂ ಸಿಗುತ್ತವೆ. ನಾನು ಹುಡುಕಿದೆ. ನಮ್ಮವನ ಹೆಸರಿನವರು ಒಬ್ಬರಲ್ಲ, ಹತ್ತಾರು ಜನ. ಇಂಗ್ಲಿಷರು ಕಿವಿಗೆ ಕೇಳಿದಂತೆ ಬರೆದುಕೊಂಡಿದ್ದಾರೆ, ಅಪ್ಪನ ಹೆಸರು ಕೆಲವರಿಗಿದೆ ಕೆಲವರಿಗಿಲ್ಲ, ಊರಿನ ಹೆಸರಂತೂ ದೇವರಿಗೇ ಪ್ರೀತಿ. ಇವನೇ ನಮ್ಮವನು ಅಂತ ಬೆರಳಿಡಲು ಧೈರ್ಯ ಬರಲಿಲ್ಲ. ದೆಹಲಿಯ ಇಂಡಿಯಾ ಗೇಟ್ ಮೇಲೆ ಇರಬಹುದಾ ಅಂತ ಒಬ್ಬ ಗೆಳೆಯ ಕೇಳಿದ. ಅಲ್ಲಿ 13 ಸಾವಿರಕ್ಕಿಂತ ಜಾಸ್ತಿ ಹೆಸರಿವೆ ನಿಜ, ಆದರೆ ಅವು ವಾಯವ್ಯ ಗಡಿಯಲ್ಲಿ ಮತ್ತು ಅಫ್ಘಾನ್ ಯುದ್ಧದಲ್ಲಿ ಸತ್ತವರವು. ಬಸ್ರಾಕ್ಕೆ ಹೋದವರು ಅಲ್ಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನದು ಬೇರೆ. ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಆಗ 25,942 ಹೆಸರು ಇದ್ದವು, ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ಹೆಸರು, ಹುದ್ದೆ, ರೆಜಿಮೆಂಟ್ ಮೂರೂ ಇವೆ, ಕರ್ನಲ್‌ಗೂ ಸಿಪಾಯಿಗೂ ಅದೇ ಅಳತೆಯ ಕಲ್ಲು. ಮರಾಠಾ ಲೈಟ್ ಇನ್‌ಫಂಟ್ರಿಯ ಅಧಿಕಾರಿಗಳೂ ಅಲ್ಲಿದ್ದಾರೆ. ನಾಗಾಲ್ಯಾಂಡಿನಲ್ಲಿ 1993ರ ಡಿಸೆಂಬರಿನಲ್ಲಿ ಸತ್ತ 16ನೇ ಬಟಾಲಿಯನ್ನಿನ ಕರ್ನಲ್ ಎನ್.ಜೆ. ನಾಯರ್. ನಮ್ಮ ಬೆಂಗಳೂರಿನ ಕರ್ನಲ್ ವಸಂತ್ ವೇಣುಗೋಪಾಲ್, 9ನೇ ಬಟಾಲಿಯನ್ನಿನ ಮುಖ್ಯಸ್ಥರು, 2007ರ ಜುಲೈ 31ರಂದು ಉರಿಯಲ್ಲಿ ನುಸುಳುಕೋರರನ್ನು ಮುಂದೆ ನಿಂತು ತಡೆಯುತ್ತಾ ಸತ್ತರು. ಇಬ್ಬರಿಗೂ ಅಶೋಕ ಚಕ್ರ. 2011ರಲ್ಲಿ ಗುರೇಜಿನಲ್ಲಿ ಸತ್ತ ಲೆಫ್ಟಿನೆಂಟ್ ನವದೀಪ್ ಸಿಂಗ್ ಅವರಿಗೂ ಅಶೋಕ ಚಕ್ರ. ಅವರು ಮೂಲತಃ ಸೈನ್ಯಕ್ಕೆ ಆಯುಧ, ಸಾಮಾನು ಒದಗಿಸುವ ಆರ್ಡ್‌ನನ್ಸ್ ಕೋರಿನವರು, 15ನೇ ಮರಾಠಾಕ್ಕೆ ಬಂದಿದ್ದವರು. ನಮ್ಮ ಪಕ್ಕದ ಸಾತಾರಾ ಜಿಲ್ಲೆಯ ಕರ್ನಲ್ ಸಂತೋಷ್ ಮಹಾಡಿಕ್ 21 ಪ್ಯಾರಾದವರು, 2015ರ ನವೆಂಬರಿನಲ್ಲಿ ಕುಪ್ವಾರಾದಲ್ಲಿ ಸತ್ತದ್ದು 41 ರಾಷ್ಟ್ರೀಯ ರೈಫಲ್ಸ್ ಮುಖ್ಯಸ್ಥರಾಗಿ. ಅವರ ಹೆಂಡತಿ ಸ್ವಾತಿ ಆಮೇಲೆ ತಾವೇ ಸೈನ್ಯ ಸೇರಿ ಅಧಿಕಾರಿಯಾದರು. ಇಲ್ಲೂ ನೋಡಿ, ಒಂದು ಮನೆಯವರು ಇನ್ನೊಂದು ಮನೆಯಲ್ಲಿ ಸತ್ತಿದ್ದಾರೆ. ಆದರೆ ಯಾವ ಮನೆಯವರು, ಯಾವ ಮನೆಯಲ್ಲಿ ಅಂತ ಬರೆದಿಟ್ಟಿದ್ದಾರೆ.

ಮೀಸಲು ಸೈನ್ಯ ಅಂದರೆ ನಮ್ಮ ಕಡೆ ಜನಕ್ಕೆ ಈಗ ನೆನಪಾಗುವುದು ಟಿ.ಎ., ಟೆರಿಟೋರಿಯಲ್ ಆರ್ಮಿ. 1949ರ ಅಕ್ಟೋಬರ್ 9ರಂದು ರಾಜಾಜಿ ಅದನ್ನು ಉದ್ಘಾಟಿಸಿದರು. ಕೊಲ್ಹಾಪುರದಲ್ಲಿ ಅದರ 109ನೇ ಬಟಾಲಿಯನ್ ಇದೆ, ಅದೂ ಮರಾಠಾ. ಭರ್ತಿ ಇದೆ ಅಂತ ಗೊತ್ತಾದರೆ ಸಾಕು, ಜತ್ತ, ಅಥಣಿ, ಚಿಕ್ಕೋಡಿ ಕಡೆಯ ಹುಡುಗರೆಲ್ಲ ಹಿಂದಿನ ರಾತ್ರಿಯೇ ಹೋಗಿ ಫುಟ್‌ಪಾತಿನ ಮೇಲೆ ಮಲಗುತ್ತಾರೆ. ನಮ್ಮ ಒಬ್ಬ ಕಾಕಾ ಅದರಲ್ಲಿ ಇದ್ದ. ಕರೆದಾಗ ಹೋಗುವುದು, ಬಿಟ್ಟಾಗ ಬಂದು ಹೊಲ ಮಾಡುವುದು. ಊರಲ್ಲಿ ಅವನನ್ನು 'ಅರ್ಧಾ ಮಿಲಿಟರಿ' ಅಂತ ಚೇಷ್ಟೆ ಮಾಡುತ್ತಿದ್ದರು. ಕಾಶ್ಮೀರದಲ್ಲಿ ಎರಡು ಚಳಿಗಾಲ ಕಳೆದು ಬಂದವನು, ಗುಂಡು ಅರ್ಧ ಅಂತ ನೋಡುವುದಿಲ್ಲ ಅನ್ನುತ್ತಿದ್ದ. ಕರ್ತವ್ಯಕ್ಕೆ ಕರೆಸಿಕೊಂಡ ಅವಧಿಯೆಲ್ಲ ಕೂಡಿ 15 ವರ್ಷ ಆದರೇನೇ ಪಿಂಚಣಿ. ಅವನದು ಆಗಲಿಲ್ಲ.

ಬಿಲ್ಲೆಯ ಕಥೆ ಎಲ್ಲ ಆಯಿಗೆ ಹೇಳಿದ್ದು ಈ ವರ್ಷ. ಹೇಳಲೋ ಬೇಡವೋ ಅಂತ ತುಂಬಾ ದಿನ ಯೋಚಿಸಿದ್ದೆ, ಆಕೆಗೆ 80 ದಾಟಿದೆ, ಅರವತ್ತು ವರ್ಷ ಪೂಜೆ ಮಾಡಿದ್ದು ದೇವರೇ ಅಲ್ಲ ಅಂದರೆ ಹೇಗೆ? ಪೂರ್ತಿ ಕೇಳಿಸಿಕೊಂಡಳು. ಬಿಲ್ಲೆಯನ್ನು ಕೈಗೆ ತೆಗೆದುಕೊಂಡು ಹೆಸರು ಎಲ್ಲಿದೆ ತೋರಿಸು ಅಂದಳು. ಓದಲು ಬರುವುದಿಲ್ಲ, ಬೆರಳಿನಿಂದ ಆ ಉಬ್ಬು ಅಕ್ಷರಗಳನ್ನು ಮುಟ್ಟಿ ನೋಡಿದಳು.

"ಅಕೀನೂ ಇರಲಿ, ಇವನೂ ಇರಲಿ. ಮನಿ ಮಂದಿ ಅಲ್ಲೇನು?"

ಬಿಲ್ಲೆ ಮತ್ತೆ ಜಗಲಿಗೇ ಹೋಯಿತು. ಈಗ ಕುಂಕುಮ ತ್ರಿಶೂಲದ ಹತ್ತಿರ ಮಾತ್ರ ಹಚ್ಚುತ್ತಾಳೆ, ಹೆಸರಿನ ಚೌಕಟ್ಟಿನ ಮೇಲೆ ಬೀಳದಂತೆ. ಮಹಾಲಯಕ್ಕೆ ಒಂದು ಎಡೆ ಜಾಸ್ತಿ ಇಡಿಸಿದಳು.

ಜತ್ತ, ಅಕ್ಕಲಕೋಟ, ಮಂಗಳವೇಡಾ, ಅಥಣಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಸಲ ನಿಮ್ಮ ಜಗಲಿ, ಟ್ರಂಕು, ಅಟ್ಟ ನೋಡಿ. ಸಿಂಹದ ಜೊತೆ ತ್ರಿಶೂಲ ಹಿಡಿದವಳ ಸುತ್ತ ಇಂಗ್ಲಿಷ್ ಅಕ್ಷರ ಇದ್ದರೆ ಫೋಟೋ ಕಳಿಸಿ. ಬೆಳ್ಳಿಯ ಪದಕ ಇದ್ದರಂತೂ ಸರಾಫನ ಅಂಗಡಿಗೆ ಒಯ್ಯುವ ಮೊದಲು ಅದರ ಅಂಚನ್ನು ಬಿಸಿಲಿಗೆ ಹಿಡಿದು ಓದಿ, ಓದಿದ್ದನ್ನು ಒಂದು ಕಾಗದದಲ್ಲಿ ಬರೆದಿಡಿ. 114 ಅಂತ ಇದ್ದರೆ ನನಗೆ ಫೋನ್ ಮಾಡಿ, ರಾತ್ರಿ ಎಷ್ಟೇ ಹೊತ್ತಾಗಿರಲಿ.